ನೇತ್ರವೈದ್ಯ ಜೂಲ್ಸ್ ಗೋನಿನ್

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಮಳೆ ಕಡಿಮೆ. ಅಲ್ಲಿಯ ಹಳ್ಳಿಗಳ ಬಾಳು ಬಹುಕಾಲ ಕೆರೆಗಳನ್ನೇ ನಂಬಿಕೊಂಡಿತ್ತು. ಕೆರೆಯ ಏರಿಯ ಹೊರಮೈಯಲ್ಲಿ ನೀರು ಜಿನುಗತೊಡಗಿದರೆ ಅನುಭವಿಯಾದ ನೀರಗಂಟಿಯು ಒದ್ದೆಯಾದ ಜಾಗಕ್ಕೆ ಮಣ್ಣು ಮೆತ್ತಿ ಸುಮ್ಮನಾಗುವುದಿಲ್ಲ. ನೀರಿನ ಕಡೆಯ ಮೈಯಲ್ಲಿ ಏಡಿಯೋ ಇಲಿಯೋ ತೋಡಿದ ಬಿಲದ ಬಾಯಿ ಎಲ್ಲಿದೆಯೆಂದು ಹುಡುಕಿ ಅದನ್ನು ಮುಚ್ಚುತ್ತಾನೆ. ಇದು ತೀರ ಸರಳವಾದ ವಿವೇಕವೆಂದು ತೋರಬಹುದು. ಆದರೆ ಕಣ್ಣಿನ ಒಂದು ಘೋರ ವ್ಯಾಧಿಯ ವಿಷಯದಲ್ಲಿ ಇದೇ ವಿವೇಕವನ್ನು ವೈದ್ಯಲೋಕ ಒಪ್ಪಿಕೊಳ್ಳಲು ಕಾಲು ಶತಮಾನ ಹಿಡಿಯಿತು. ಅದನ್ನು ಒಪ್ಪಿಸಿದಾತ ಸ್ವಿಟ್ಜರ್ಲೆಂಡಿನ ಜೂಲ್ಸ್ ಗೋನಿನ್.

ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ಅತಿ ತೆಳುವಾದ ಪದರವೇ ಅಕ್ಷಿಪಟಲ. ನಾವು ನೋಡುವ ವಸ್ತುಗಳ ಬಿಂಬ ಮೂಡುವುದು ಅದರ ಮೇಲೆ. ಗುಡ್ಡೆಯ ಒಳಗನ್ನೆಲ್ಲ ಗಾಜಿನಂತೆ ತಿಳಿಯಾದ ಲೋಳೆಯೊಂದು ತುಂಬಿರುತ್ತದೆ. ವಯಸ್ಸಾದಂತೆ ಈ ಲೋಳೆ ನೀರಾಗಿ ಕುಗ್ಗುತ್ತದೆ. ಕೆಲವರಲ್ಲಿ ಕುಗ್ಗುವಾಗ ಪಟಲವನ್ನು ಸೆಳೆದು ಹರಿಯುತ್ತದೆ. ಆ ಹರಕಿನ ಮೂಲಕ ದ್ರವವು ಹಿಂದಕ್ಕೆ ನುಗ್ಗಿ, ಹಸಿ ಗೋಡೆಯಿಂದ ಗಾರೆ ಕಳಚುವಂತೆ ಪಟಲವನ್ನು ಕಳಚುತ್ತದೆ. ರೋಗಿಗೆ ಮೊದಲು ಮಿಂಚುಗಳು, ತೇಲುವ ಕರಿ ಚುಕ್ಕೆಗಳು ಕಾಣುತ್ತವೆ. ಅನಂತರ ಒಂದು ಬದಿಯಿಂದ ಕಪ್ಪು ತೆರೆ ಸರಿದು ಬರುತ್ತದೆ. ನೋವು ಮಾತ್ರ ಇರುವುದಿಲ್ಲ.

ಗೋನಿನ್ 1870ರಲ್ಲಿ ಜಿನೀವಾ ಸರೋವರದ ದಂಡೆಯ ಮೇಲಿರುವ ಲೊಸಾನ್ ನಗರದಲ್ಲಿ ಹುಟ್ಟಿದ. ಅಲ್ಲಿಯೇ ವೈದ್ಯಶಾಸ್ತ್ರವನ್ನು ಓದಿ, ಅಂಧರ ಆಶ್ರಯಧಾಮಕ್ಕೆ ಸೇರಿದ ಕಣ್ಣಾಸ್ಪತ್ರೆಯಲ್ಲಿ ಮಾರ್ಕ್ ದ್ಯುಫೂರ್ ಎಂಬ ಹಿರಿಯ ವೈದ್ಯನ ಸಹಾಯಕನಾದ. ಒಂದೇ ಸಂಸ್ಥೆಯ ಆಶ್ರಯದಲ್ಲಿ ಚಿಕಿತ್ಸೆಗೆ ಬಂದವರೂ ಚಿಕಿತ್ಸೆಗೆ ಮೀರಿದವರೂ ಇದ್ದರು. ಅಕ್ಷಿಪಟಲ ಕಳಚಿದವರು ಎರಡನೆಯ ಗುಂಪಿಗೆ ಸೇರುವುದು ಬಹುಮಟ್ಟಿಗೆ ನಿಶ್ಚಿತವಾಗಿತ್ತು.

1851ರಲ್ಲಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ರಚಿಸಿದ ಮೇಲೆ ಈ ರೋಗವನ್ನು ಕಣ್ಣಾರೆ ಕಾಣುವುದು ಸಾಧ್ಯವಾಗಿತ್ತು, ವಾಸಿಮಾಡುವುದು ಸಾಧ್ಯವಾಗಿರಲಿಲ್ಲ. ಎರಡೂ ಕಣ್ಣುಗಳಿಗೆ ಬಟ್ಟೆ ಕಟ್ಟಿ ರೋಗಿಯನ್ನು ವಾರಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಬೆವರು ಬರಿಸುತ್ತಿದ್ದರು, ಉಪ್ಪು ಬಿಡಿಸುತ್ತಿದ್ದರು. ಸೂಜಿಯಿಂದ ಚುಚ್ಚಿ ಪಟಲದ ಹಿಂದಿನ ನೀರನ್ನು ಹೊರಬಿಡುತ್ತಿದ್ದರು. ಮೊಲದ ಕಣ್ಣಿನ ಲೋಳೆಯನ್ನು ಮನುಷ್ಯನ ಕಣ್ಣಿಗೆ ಸೇರಿಸಿ ನೋಡಿದವರೂ ಉಂಟು. ಇದನ್ನು ಓದುವಾಗ ನಗು ಬರಬಹುದು. ಆದರೆ ಅವರು ಮೂಢರಲ್ಲ, ದಾರಿ ಕಾಣದ ಪ್ರಾಮಾಣಿಕರು. ಹೊರಬಿಟ್ಟ ನೀರು ಮತ್ತೆ ತುಂಬಿಕೊಳ್ಳುತ್ತಿತ್ತು. 1912ರಲ್ಲಿ ಅಮೆರಿಕದ ಡೆರಿಕ್ ವೇಲ್ ಎಂಬ ವೈದ್ಯ ತನ್ನ ದೇಶದ ನೇತ್ರವೈದ್ಯರನ್ನು ವಿಚಾರಿಸಿ ಲೆಕ್ಕ ಹಾಕಿದಾಗ ಗುಣವಾದವರು ಸಾವಿರಕ್ಕೆ ಒಬ್ಬರೆಂದು ತಿಳಿದುಬಂದಿತು.

ಪಟಲದಲ್ಲಿ ಹರಕುಗಳಿರುವುದನ್ನು ಗೋನಿನ್‌ಗಿಂತ ಮೊದಲೇ ಜರ್ಮನಿಯ ಲೇಬರ್ ಮುಂತಾದವರು ಕಂಡಿದ್ದರು. ಆದರೆ ಅನೇಕರು ಅವನ್ನು ರೋಗದ ಪರಿಣಾಮವೆಂದು ತಿಳಿದರೇ ಹೊರತು ಕಾರಣವೆಂದು ಭಾವಿಸಲಿಲ್ಲ. ಗೋನಿನ್ ಅವಸರಪಡಲಿಲ್ಲ. ರೋಗದಿಂದ ಕೆಟ್ಟು ತೆಗೆಯಬೇಕಾಗಿ ಬಂದ ಕಣ್ಣುಗಳನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ. ಕುಗ್ಗಿದ ಲೋಳೆ ಪಟಲವನ್ನು ಸೆಳೆಯುವುದೂ ಸೆಳೆತವಿದ್ದ ಕಡೆ ಹರಕು ಬೀಳುವುದೂ ಅವನಿಗೆ ಸ್ಪಷ್ಟವಾಯಿತು. 1904ರಲ್ಲಿ ಈ ವಿಚಾರವನ್ನು ವಿವರವಾಗಿ ಪ್ರಕಟಿಸಿದ. ಹರಕೇ ಕಾರಣವಾದರೆ ಹರಕನ್ನು ಮುಚ್ಚುವುದೇ ಚಿಕಿತ್ಸೆಯಾಗಬೇಕಲ್ಲವೆ?

ಹೇಳುವುದು ಸುಲಭ. ಕತ್ತಲೆ ಕೋಣೆಯಲ್ಲಿ ಪಾಪೆಯ ಮೂಲಕ ಇಣುಕಿ, ಅಲುಗಾಡುವ ಪಟಲದ ಮಡಿಕೆಗಳ ನಡುವೆ ಸಣ್ಣದೊಂದು ಹರಕನ್ನು ಪತ್ತೆಮಾಡುವುದು ಬಹು ತಾಳ್ಮೆಯ ಕೆಲಸ. ಕಣ್ಣನ್ನು ಗಡಿಯಾರದ ಮುಖವೆಂದು ಭಾವಿಸಿದರೆ ಹರಕು ಎಷ್ಟು ಗಂಟೆಯ ದಿಕ್ಕಿನಲ್ಲಿದೆ, ಅಂಚಿನಿಂದ ಎಷ್ಟು ದೂರದಲ್ಲಿದೆ ಎಂದು ಗೋನಿನ್ ಅಳೆಯುತ್ತಿದ್ದ. ಅದಕ್ಕೆ ನೇರವಾಗಿ ಹೊರಗಡೆ ಬಿಳಿಗುಡ್ಡೆಯ ಮೇಲೆ ಗುರುತು ಮಾಡಿ, ಅಲ್ಲಿ ಸೀಳಿ, ನೀರನ್ನು ಬಿಟ್ಟು, ಕಾದ ಲೋಹದ ಮೊನೆಯನ್ನು ಒಂದೆರಡು ಕ್ಷಣ ಒಳಗಿಳಿಸುತ್ತಿದ್ದ. ಸುಟ್ಟ ಜಾಗ ಮಾಯುವಾಗ ಹರಕಿನ ಅಂಚು ಗೋಡೆಗೆ ಬೆಸೆದುಕೊಳ್ಳುತ್ತಿತ್ತು.

1920ರ ಸುಮಾರಿಗೆ ಆತ ಈ ಫಲವನ್ನು ವಿದ್ವತ್ಸಭೆಗಳ ಮುಂದಿಟ್ಟಾಗ ಹೆಚ್ಚಿನವರು ನಂಬಲಿಲ್ಲ. ಕಣ್ಣಿನೊಳಗೆ ಬೆಂಕಿಯನ್ನು ಇಳಿಸುವ ಮಾತು ಅವರಿಗೆ ಭಯಂಕರವಾಗಿ ಕೇಳಿಸಿತು. ಹರಕನ್ನು ಹುಡುಕದೆ ಎಲ್ಲೋ ಸುಟ್ಟು, ಪದ್ಧತಿಯೇ ನಿಷ್ಫಲವೆಂದು ಸಾರಿದವರೂ ಇದ್ದರು. ಗೋನಿನ್ ವಾದಕ್ಕಿಂತ ಹೆಚ್ಚಾಗಿ ರೋಗಿಗಳ ದಾಖಲೆಯನ್ನು ನೆಚ್ಚಿದ. ಸೋತ ಪ್ರಯತ್ನಗಳನ್ನೂ ಲೆಕ್ಕಕ್ಕೆ ಸೇರಿಸಿದ. ಶಿಷ್ಯನಾದ ಆಮ್ಸ್ಲರ್, ಸ್ಪೇನಿನ ಅರ್ರುಗ, ಹಾಲೆಂಡಿನ ವೇವ್ ಮೊದಲಾದವರು ಆ ಮಾರ್ಗವನ್ನು ಹಿಡಿದರು. 1929ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ನೇತ್ರವೈದ್ಯ ಸಮ್ಮೇಳನದಲ್ಲಿ ಬೇರೆ ಬೇರೆ ದೇಶಗಳವರು ತಮ್ಮ ಅನುಭವವನ್ನು ಮುಂದಿಟ್ಟ ಮೇಲೆ ಸಂಶಯ ಕರಗಿತು. ಸಾವಿರಕ್ಕೆ ಒಬ್ಬರಿಗೆ ಬದಲಾಗಿ ಸುಮಾರು ಅರ್ಧದಷ್ಟು ರೋಗಿಗಳು ಗುಣಹೊಂದುತ್ತಿದ್ದರು. ತನ್ನ ಜೀವಮಾನದ ಅನುಭವವನ್ನು ಗೋನಿನ್ 1934ರಲ್ಲಿ ಗ್ರಂಥವಾಗಿ ಹೊರತಂದ, ಮರುವರ್ಷವೇ ತೀರಿಕೊಂಡ.

ಆತನ ಕಾದ ಮೊನೆ ಬಹುಕಾಲ ಉಳಿಯಲಿಲ್ಲ. ವಿದ್ಯುತ್ತಿನ ಶಾಖ, ಅತಿಶೈತ್ಯ, ಲೇಸರ್ ಕಿರಣಗಳು ಅದರ ಸ್ಥಾನಕ್ಕೆ ಬಂದವು. 1949ರಲ್ಲಿ ಜರ್ಮನಿಯ ಕುಸ್ಟೋಡಿಸ್, 1951ರಲ್ಲಿ ಅಮೆರಿಕದಲ್ಲಿ ಶೆಪೆನ್ಸ್, ಗುಡ್ಡೆಯ ಹೊರಗಿನಿಂದ ಪಟ್ಟಿಯೊಂದನ್ನು ಹೊಲಿದು ಗೋಡೆಯನ್ನೇ ಹರಕಿನ ಬಳಿಗೆ ಒತ್ತುವ ವಿಧಾನವನ್ನು ರೂಢಿಸಿದರು. 1970ರ ದಶಕದಲ್ಲಿ ಮಾಖೆಮರ್ ತೋರಿದ ಮಾರ್ಗದಲ್ಲಿ ಸೂಕ್ಷ್ಮೋಪಕರಣಗಳು ಒಳಹೊಕ್ಕು ಸೆಳೆಯುವ ಲೋಳೆಯನ್ನೇ ಕತ್ತರಿಸಿ ತೆಗೆಯುತ್ತವೆ. 1986ರಲ್ಲಿ ಹಿಲ್ಟನ್ ಮತ್ತು ಗ್ರಿಝರ್ಡ್ ಅನಿಲದ ಗುಳ್ಳೆಯೊಂದನ್ನು ಕಣ್ಣಿಗೆ ಸೇರಿಸಿ ಅದರಿಂದ ಹರಕನ್ನು ಒತ್ತಿಹಿಡಿಯುವ ಸುಲಭ ವಿಧಾನವನ್ನು ವಿವರಿಸಿದರು.

ಇವುಗಳಲ್ಲಿ ಯಾವುದು ಮೇಲು? ಲೋಳೆ ಇನ್ನೂ ಗಟ್ಟಿಯಾಗಿರುವ ತರುಣರಿಗೆ ಹೊರಪಟ್ಟಿ ಚೆನ್ನಾಗಿ ಒಗ್ಗುತ್ತದೆ. ಆದರೆ ಸಮೀಪದೃಷ್ಟಿ ಹೆಚ್ಚುವುದುಂಟು. ಲೋಳೆ ತೆಗೆಯುವ ವಿಧಾನ ಜಟಿಲವಾದ ಕಣ್ಣುಗಳಿಗೂ ಆಗುತ್ತದೆ. ಬಳಿಕ ಪೊರೆ ಬೇಗ ಬೆಳೆಯುತ್ತದೆ. ಗುಳ್ಳೆ ಮೇಲಕ್ಕೇ ತೇಲುವುದರಿಂದ ಹರಕು ಮೇಲ್ಭಾಗದಲ್ಲಿರಬೇಕು, ರೋಗಿ ಕೆಲವು ದಿನ ತಲೆಯನ್ನು ಹೇಳಿದ ಭಂಗಿಯಲ್ಲಿಯೇ ಇರಿಸಿಕೊಳ್ಳಬೇಕು. ಕೆನಡಾದ ಟೊರಾಂಟೊದಲ್ಲಿ 176 ರೋಗಿಗಳ ಮೇಲೆ ಕೊನೆಯ ಎರಡು ವಿಧಾನಗಳನ್ನು ಹೋಲಿಸಿ 2019ರಲ್ಲಿ ಫಲವನ್ನು ಪ್ರಕಟಿಸಿದರು. ಮೊದಲ ಚಿಕಿತ್ಸೆಯಲ್ಲೇ ಪಟಲ ಕೂಡಿಕೊಂಡದ್ದು ಗುಳ್ಳೆಯಿಂದ ನೂರಕ್ಕೆ 81, ಲೋಳೆ ತೆಗೆದಾಗ ನೂರಕ್ಕೆ 93. ಆದರೂ ವರ್ಷದ ಕೊನೆಗೆ ಗುಳ್ಳೆಯ ಗುಂಪಿನವರ ನೋಟವೇ ತುಸು ಚೆನ್ನಾಗಿತ್ತು. ಆಯ್ಕೆ ಹರಕಿನ ಸ್ಥಳವನ್ನೂ ಕಣ್ಣಿನ ಸ್ಥಿತಿಯನ್ನೂ ಅವಲಂಬಿಸಿದೆ. ಆದ್ದರಿಂದ ಇಂದಿಗೂ ವೈದ್ಯನ ಮೊದಲ ಕೆಲಸ ಗೋನಿನ್ ಮಾಡುತ್ತಿದ್ದಂತೆ ಹರಕುಗಳನ್ನು ಹುಡುಕುವುದೇ ಆಗಿದೆ. ಆ ಕೆಲಸಕ್ಕೆ ಹೆಚ್ಚು ದಿನಗಳ ಅವಕಾಶವಿಲ್ಲ. ನೋವಿಲ್ಲವೆಂದು ರೋಗಿ ತಡಮಾಡಿ, ಪಟಲದ ನಡುಬಿಂದುವೂ ಕಳಚಿಕೊಂಡರೆ, ಅದನ್ನು ಮತ್ತೆ ಕೂಡಿಸಿದ ಮೇಲೂ ಮೊದಲಿನ ಸ್ಪಷ್ಟ ನೋಟ ಅನೇಕರಿಗೆ ಮರಳುವುದಿಲ್ಲ.