ಮಹಮೂದ್ ಗವಾನ್

ಮಹಮೂದ್ ಗವಾನ್ (ಸು. 1411 – ಏಪ್ರಿಲ್ 5, 1481) ಬಹಮನಿ ಸುಲ್ತಾನರ ಆಳ್ವಿಕೆಯಲ್ಲಿ ಪ್ರಧಾನಮಂತ್ರಿಯಾಗಿದ್ದ ಪರ್ಷಿಯಾ ಮೂಲದ ಆಡಳಿತಗಾರ, ಸೇನಾನಿ ಹಾಗೂ ವಿದ್ವಾಂಸ. ಪರಸ್ಪರ ನಂಬಿಕೆಯಿಲ್ಲದ ಎರಡು ಬಣಗಳ ಅಧಿಕಾರಿಗಳಿಂದ ಕೆಲಸ ತೆಗೆಯಬೇಕಾಗಿದ್ದ ಇವನ ಆಡಳಿತ ಕ್ರಮವು ದಖನ್ನಿನ ಇತಿಹಾಸದಲ್ಲಿ ವಿಶೇಷ ಅಧ್ಯಯನದ ವಿಷಯವಾಗಿದೆ. ಕನ್ನಡದ ಕೆಲವು ಗ್ರಂಥಗಳಲ್ಲಿ ಇವನ ಹೆಸರು ಮಹಮದ್ ಗವಾನ್ ಎಂದೂ ಕಂಡುಬರುತ್ತದೆ.

ಹಿನ್ನೆಲೆ

ಬಹಮನಿ ರಾಜ್ಯವು 1347ರಲ್ಲಿ ಸ್ಥಾಪನೆಯಾಗಿ ಕಲಬುರಗಿಯನ್ನು ಮೊದಲ ರಾಜಧಾನಿಯನ್ನಾಗಿ ಹೊಂದಿತ್ತು. ಸುಲ್ತಾನ ಒಂದನೆಯ ಅಹಮದ್ ಶಾಹನು (ಆಳ್ವಿಕೆ 1422–1436) ರಾಜಧಾನಿಯನ್ನು ಬೀದರಿಗೆ ವರ್ಗಾಯಿಸಿದನು. ಇಂದು ಕಮಲಾಪುರ, ಹುಮನಾಬಾದ್ ಮಾರ್ಗದ ರಸ್ತೆಯು ಈ ಎರಡು ಹಳೆಯ ರಾಜಧಾನಿಗಳನ್ನು ಜೋಡಿಸುತ್ತದೆ. ರಾಜಧಾನಿ ಬದಲಾದರೂ ಆಸ್ಥಾನದ ಒಳಜಗಳ ಬದಲಾಗಲಿಲ್ಲ. ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದ ದಖನ್ನಿ ಸರದಾರರು ಒಂದು ಕಡೆ, ಪರ್ಷಿಯಾ ಮತ್ತು ಮಧ್ಯ ಏಷ್ಯಾದಿಂದ ಹೊಸದಾಗಿ ಬಂದ ಅಫಾಕಿಗಳು ಇನ್ನೊಂದು ಕಡೆ. ಹುದ್ದೆ, ಜಹಗೀರು ಹಾಗೂ ಸುಲ್ತಾನನ ಕೃಪೆಗಾಗಿ ಇವರಲ್ಲಿ ನಡೆಯುತ್ತಿದ್ದ ಪೈಪೋಟಿ ಹಲವು ಬಾರಿ ರಕ್ತಪಾತಕ್ಕೂ ಕಾರಣವಾಗಿತ್ತು.

ಜೀವನ ಮತ್ತು ಏಳಿಗೆ

ಪರ್ಷಿಯಾದ ಗೀಲಾನ್ ಪ್ರಾಂತ್ಯದಲ್ಲಿ ಜನಿಸಿದ ಗವಾನನು ಸುಮಾರು 1453ರಲ್ಲಿ ವರ್ತಕನಾಗಿ ದಾಭೋಳ ಬಂದರಿಗೆ ಬಂದು, ಅಲ್ಲಿಂದ ಬೀದರಿಗೆ ತೆರಳಿದನು. ಆಗ ಅವನಿಗೆ ನಲವತ್ತು ದಾಟಿತ್ತು. ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದನು ಅವನನ್ನು ಆಸ್ಥಾನದಲ್ಲಿ ಉಳಿಸಿಕೊಂಡನು. ಮುಂದಿನ ಸುಲ್ತಾನ ಹುಮಾಯೂನನು ಅವನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ ಎಂಬ ಬಿರುದನ್ನು ನೀಡಿದನು. 1461ರಲ್ಲಿ ಬಾಲಕನಾದ ನಿಜಾಮ್ ಶಾಹನು ಪಟ್ಟಕ್ಕೆ ಬಂದಾಗ ರಾಜಮಾತೆಯೊಂದಿಗೆ ರಾಜ್ಯ ನಡೆಸಿದ ಆಡಳಿತ ಮಂಡಳಿಯಲ್ಲಿ ಗವಾನನೂ ಒಬ್ಬನಾಗಿದ್ದನು. ಮೂರನೆಯ ಮಹಮ್ಮದ್ ಶಾಹನ ಕಾಲದಲ್ಲಿ, 1466ರಲ್ಲಿ, ಪ್ರಧಾನಮಂತ್ರಿಯಾದನು. 1472ರಲ್ಲಿ ಗೋವೆಯನ್ನೂ ತರುವಾಯ ಬೆಳಗಾವಿ ಕೋಟೆಯನ್ನೂ ಗೆದ್ದನು. ಇದೇ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್‌ನ ಪ್ರವಾಸ ಬರಹದಲ್ಲಿ ಗವಾನನ ವೈಭವದ ಉಲ್ಲೇಖವಿದೆ.

ಆಡಳಿತ ಸುಧಾರಣೆಗಳು

ಗವಾನನ ದೊಡ್ಡ ಕೊಡುಗೆ ಯುದ್ಧಗಳಿಗಿಂತ ಆಡಳಿತದಲ್ಲಿದೆ. ಕಲಬುರಗಿ, ದೌಲತಾಬಾದ್, ಬೇರಾರ್, ತೆಲಂಗಾಣ ಎಂಬ ನಾಲ್ಕು ತರಫ್‌ಗಳು, ಅಂದರೆ ಪ್ರಾಂತ್ಯಗಳು, ರಾಜ್ಯ ವಿಸ್ತಾರವಾದಂತೆ ಅತಿಯಾಗಿ ಬೆಳೆದು, ಅವುಗಳ ಅಧಿಪತಿಗಳು ಸುಲ್ತಾನನಿಗೇ ಸಮಬಲರಾಗಿದ್ದರು. ಗವಾನನು ಅವನ್ನು ಎಂಟಾಗಿ ವಿಭಜಿಸಿದನು. ಪ್ರತಿ ಅಧಿಪತಿಯ ಕೈಯಲ್ಲಿ ಒಂದೇ ಕೋಟೆಯನ್ನು ಉಳಿಸಿ, ಉಳಿದ ಕೋಟೆಗಳಿಗೆ ಕೇಂದ್ರದಿಂದಲೇ ಕಿಲ್ಲೇದಾರರನ್ನು ನೇಮಿಸಿದನು. ಪ್ರತಿ ಪ್ರಾಂತ್ಯದ ಕೆಲವು ಭೂಭಾಗಗಳ ಆದಾಯವು ನೇರವಾಗಿ ರಾಜನ ಖಜಾನೆಗೆ ಸೇರುವಂತೆ ಮಾಡಿದನು.

ವೇತನದ ವಿಷಯದಲ್ಲಿ ಅವನು ಉದಾರಿಯೂ ಕಟ್ಟುನಿಟ್ಟಿನವನೂ ಆಗಿದ್ದನು. ಐನೂರು ಸೈನಿಕರನ್ನು ಸಾಕುವ ಸರದಾರನ ವಾರ್ಷಿಕ ಮೊತ್ತವನ್ನು 1 ಲಕ್ಷ ಹೊನ್ನಿನಿಂದ 1.25 ಲಕ್ಷ ಹೊನ್ನಿಗೆ ಏರಿಸಲಾಯಿತು. ಆದರೆ ಎಣಿಕೆಯಲ್ಲಿ ಸೈನಿಕರು ಕಡಿಮೆಯಾದರೆ ಅವರ ಪಾಲಿನ ಹಣವನ್ನು ಕಡಿತಗೊಳಿಸಲಾಗುತ್ತಿತ್ತು. ಸುಳ್ಳು ಲೆಕ್ಕದಿಂದ ಲಾಭ ಪಡೆಯುತ್ತಿದ್ದವರಿಗೆ ಇದು ಹಿತವಾಗಿರಲಿಲ್ಲ.

ಹುದ್ದೆಗಳ ಹಂಚಿಕೆಯಲ್ಲಿ ಅವನು ಎರಡೂ ಬಣಗಳನ್ನು ಸರಿದೂಗಿಸಲು ಯತ್ನಿಸಿದನು. ರಾಜಮಹೇಂದ್ರಿಯು ದಖನ್ನಿ ಪಕ್ಷದ ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕ್‌ಗೂ, ದೌಲತಾಬಾದ್ ಅಫಾಕಿಯಾದ ಯೂಸುಫ್ ಆದಿಲ್ ಖಾನನಿಗೂ, ಕಲಬುರಗಿಯು ಹಬ್ಶಿ ಸರದಾರ ದಸ್ತೂರ್ ದೀನಾರನಿಗೂ ದೊರೆತವು. ಬಿಜಾಪುರವನ್ನು ಮಾತ್ರ ಗವಾನನು ತನ್ನಲ್ಲೇ ಇಟ್ಟುಕೊಂಡನು. ಸ್ವತಃ ಅಫಾಕಿಯಾಗಿದ್ದ ಮಂತ್ರಿಯೊಬ್ಬ ಇತರರ ಅಧಿಕಾರವನ್ನು ಕತ್ತರಿಸುತ್ತ ತನ್ನ ಪ್ರಾಂತ್ಯವನ್ನು ಉಳಿಸಿಕೊಂಡದ್ದು ದಖನ್ನಿ ಸರದಾರರ ಕಣ್ಣಿಗೆ ನಿಷ್ಪಕ್ಷಪಾತವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ. ಹುದ್ದೆಯನ್ನು ಸಮನಾಗಿ ಹಂಚಬಹುದು. ಅಧಿಕಾರ ಕಳೆದುಕೊಂಡವನ ಅಸಮಾಧಾನವನ್ನು ತಣಿಸುವ ವ್ಯವಸ್ಥೆ ಅವನ ಸುಧಾರಣೆಗಳಲ್ಲಿ ಇರಲಿಲ್ಲ.

ವಿದ್ಯಾಪೋಷಣೆ

1472ರಲ್ಲಿ ಅವನು ಬೀದರಿನಲ್ಲಿ ಕಟ್ಟಿಸಿದ ಮದರಸವು ಪರ್ಷಿಯನ್ ಶೈಲಿಯ ಮೂರಂತಸ್ತಿನ ವಿದ್ಯಾಲಯ. ಅದರ ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. ಅವನ ಪತ್ರಗಳ ಸಂಗ್ರಹವಾದ ರಿಯಾಜ್-ಉಲ್-ಇನ್ಶಾ ಆ ಕಾಲದ ಇತಿಹಾಸಕ್ಕೆ ಪ್ರಮುಖ ಆಕರವಾಗಿದೆ.

ಮರಣ

ಗವಾನನ ವಿರೋಧಿಗಳು ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನೊಡನೆ ಸ್ನೇಹ ಬೆಳೆಸಿ, ಅವನು ಮದ್ಯದ ಅಮಲಿನಲ್ಲಿದ್ದಾಗ ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಸುಲ್ತಾನನ ವಿರುದ್ಧ ದಂಡೆತ್ತಿ ಬರುವಂತೆ ಒಡಿಶಾದ ಗಜಪತಿಗೆ ಗವಾನನು ಬರೆದಂತೆ ಅದರಲ್ಲಿ ಒಂದು ಪತ್ರವನ್ನು ಸೃಷ್ಟಿಸಿದರು. ಆಗ ಸುಲ್ತಾನನು ಪೂರ್ವದ ದಂಡಯಾತ್ರೆಯಲ್ಲಿ ಕೊಂಡಪಲ್ಲಿಯಲ್ಲಿದ್ದನು. ಕರೆ ಬಂದಾಗ ಹೋಗಬಾರದೆಂದು ಹಿತೈಷಿಗಳು ಎಚ್ಚರಿಸಿದರೂ ಗವಾನನು ಹೋದನು. ಮುದ್ರೆ ತನ್ನದೇ, ಪತ್ರ ತನ್ನದಲ್ಲ ಎಂದು ತಿಳಿಸಿದನು. ಅಮಲಿನಲ್ಲಿದ್ದ ಸುಲ್ತಾನನು ವಿಚಾರಣೆಯಿಲ್ಲದೆ ಮರಣದಂಡನೆ ವಿಧಿಸಿದನು. ಅಲ್ಲಿಯೇ ಗವಾನನ ಶಿರಚ್ಛೇದವಾಯಿತು. ಪ್ರಾಂತ್ಯಾಧಿಪತಿಗಳ ಕೈಕಟ್ಟಿದ ಆಡಳಿತಗಾರನಿಗೆ ಒಂದು ಸುಳ್ಳು ದೂರಿನಿಂದ ತನ್ನನ್ನು ರಕ್ಷಿಸಿಕೊಳ್ಳುವ ಮಾರ್ಗವಿರಲಿಲ್ಲ, ಏಕೆಂದರೆ ಅವನ ಸುಧಾರಣೆಗಳೆಲ್ಲವೂ ನಿಂತದ್ದು ಸುಲ್ತಾನನೊಬ್ಬನ ವಿಶ್ವಾಸದ ಮೇಲೆ. ಆಸ್ತಿಯನ್ನು ವಶಪಡಿಸಿಕೊಳ್ಳಲು ಹೋದಾಗ ನಿರೀಕ್ಷಿಸಿದ್ದ ಸಂಪತ್ತು ಸಿಗಲಿಲ್ಲವೆಂದೂ, ಅವನ ಆದಾಯದ ಬಹುಪಾಲು ದಾನಕ್ಕೆ ಹೋಗುತ್ತಿತ್ತೆಂದೂ ಫರಿಷ್ತಾನ ಇತಿಹಾಸ ಗ್ರಂಥದಿಂದ ತಿಳಿದುಬರುತ್ತದೆ.

ನಂತರದ ಬೆಳವಣಿಗೆಗಳು

ಪಶ್ಚಾತ್ತಾಪಪಟ್ಟನೆನ್ನಲಾದ ಸುಲ್ತಾನನು 1482ರಲ್ಲಿ ಮೃತನಾದನು. ಗವಾನನ ಬೆಂಬಲಿಗರು ಯೂಸುಫ್ ಆದಿಲ್ ಖಾನನ ಸುತ್ತ ಸೇರಿದರು. ಬಿಜಾಪುರದ ಆದಿಲ್ ಶಾಹಿ ರಾಜ್ಯಕ್ಕೆ ಅವನೇ ಮೂಲಪುರುಷನಾದನು. ಮಲಿಕ್ ಹಸನನ ಮಗ ಅಹಮದ್‌ನಗರದ ರಾಜ್ಯವನ್ನು ಸ್ಥಾಪಿಸಿದನು. ದಸ್ತೂರ್ ದೀನಾರನೂ ದಂಗೆಯೆದ್ದು ಸೋತನು, ಕಲಬುರಗಿ ಕೊನೆಗೆ ಬಿಜಾಪುರದ ವಶವಾಯಿತು. ಹೀಗೆ ಬಹಮನಿ ರಾಜ್ಯವು ಐದು ಹೋಳಾಯಿತು. ಔರಂಗಜೇಬನ ಕಾಲದಲ್ಲಿ ಸಂಭವಿಸಿದ ಮದ್ದಿನ ಸ್ಫೋಟದಿಂದ ಮದರಸದ ಮುಂಭಾಗದ ಒಂದು ಪಾರ್ಶ್ವ ಕುಸಿದುಬಿದ್ದಿತು. ಉಳಿದಿರುವ ಎತ್ತರದ ಮಿನಾರಿನ ಮೇಲೆ ಬಣ್ಣದ ಹೆಂಚುಗಳ ಕೆಲಸ ಇಂದಿಗೂ ಅಲ್ಲಲ್ಲಿ ಕಾಣಿಸುತ್ತದೆ.