ಪಾಠ ಹೇಳುತ್ತಾ ಕಲಿತ ಹುಡುಗ: ಸರ್ ಎಂ. ವಿಶ್ವೇಶ್ವರಯ್ಯ



ಇನ್ನು ಒಂದೆರಡು ವರ್ಷಗಳಲ್ಲಿ ನೀವು ಹೈಸ್ಕೂಲು ಸೇರುತ್ತೀರಿ. ಹೊಳಲ್ಕೆರೆ ಕಡೆಯ ಶಾಲೆಗಳಿಗೆ ನಾನು ಬಂದಾಗಲೆಲ್ಲ ನಿಮ್ಮಲ್ಲಿ ಯಾರಾದರೊಬ್ಬರು ಹೈಸ್ಕೂಲಿನ ಗಣಿತ ತುಂಬಾ ಕಷ್ಟವಂತೆ, ಹೌದಾ ಎಂದು ಕೇಳುತ್ತೀರಿ. ಮನೆಯಲ್ಲಿ ಹೇಳಿಕೊಡುವವರಿಲ್ಲ, ಟ್ಯೂಷನ್ನಿಗೆ ಹಣವಿಲ್ಲ ಎಂಬ ಚಿಂತೆಯೂ ಕೆಲವರಿಗಿದೆ. ಅಂಥ ಚಿಂತೆಯಲ್ಲೇ ಓದಿದ ಒಬ್ಬ ಹುಡುಗನ ಕಥೆ ಕೇಳಿ.

ಆ ಹುಡುಗನೇ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಊರು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ. ಇನ್ನೂ ಓದುವ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಚಿಕ್ಕಬಳ್ಳಾಪುರದಲ್ಲಿ ಕಲಿತ ಮೇಲೆ ಮುಂದಿನ ಓದಿಗೆ ಬೆಂಗಳೂರಿಗೆ ಬಂದರು. ಅಲ್ಲಿ ಸೋದರಮಾವನ ಆಸರೆಯಿತ್ತು. ಆದರೆ ಓದಿನ ಖರ್ಚಿಗೆ ಹಣ ಬೇಕಲ್ಲವೇ?

ಅದಕ್ಕೆ ಅವರು ಕಂಡುಕೊಂಡ ದಾರಿ ಮನೆಪಾಠ. ಬೆಂಗಳೂರಿನಲ್ಲಿದ್ದ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ, ತಾವು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಆ ಮನೆಗೂ ಮಾವನ ಮನೆಗೂ ಕಾಲೇಜಿಗೂ ನಡೆದೇ ಓಡಾಟ. ಉಳಿದ ಹೊತ್ತಿನಲ್ಲೇ ಸ್ವಂತ ಓದು.

ಮಕ್ಕಳೇ, ಇದನ್ನು ಬರೀ ಕಷ್ಟ ಎಂದುಕೊಳ್ಳಬೇಡಿ. ಒಂದು ಲೆಕ್ಕವನ್ನು ಚಿಕ್ಕವರಿಗೆ ಹೇಳಿಕೊಡಲು ಹೋಗಿ ನೋಡಿ. ಈ ಹಂತ ಹೇಗೆ ಬಂತು ಎಂದು ಅವರು ಕೇಳಿದಾಗ, ನಿಮಗೆ ಅರ್ಥವಾಗದೇ ಉಳಿದ ಜಾಗ ತಟ್ಟನೆ ಗೊತ್ತಾಗುತ್ತದೆ. ಬಾಯಿಪಾಠ ಮಾಡಿದ್ದು ಅಲ್ಲಿ ನಿಲ್ಲುವುದಿಲ್ಲ.

ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಉನ್ನತ ದರ್ಜೆಯಲ್ಲಿ ತೇರ್ಗಡೆಯಾದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಪರೀಕ್ಷೆ ಮುಗಿದರೂ ಗಣಿತ ಮುಗಿಯಲಿಲ್ಲ. ನಮ್ಮೂರ ಕೆರೆ ತುಂಬಿದಾಗ ಕೋಡಿಯಲ್ಲಿ ನೀರು ಹರಿದುಹೋಗುವುದನ್ನು ನೀವು ನೋಡಿರಬಹುದು. ಅಣೆಕಟ್ಟೆಯನ್ನು ಎತ್ತರಿಸದೆ ಆ ನೀರನ್ನು ಉಳಿಸುವುದು ಹೇಗೆ? ಕೋಡಿಯ ಮೇಲೆ ನಿಲ್ಲುವ, ನೀರು ಮಿತಿ ಮೀರಿದಾಗ ತಾನಾಗಿ ತೆರೆದು, ಇಳಿದಾಗ ತಾನಾಗಿ ಮುಚ್ಚುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಯಲ್ಲಿ ಅವನ್ನು ಅಳವಡಿಸಲಾಯಿತು. ಇದರಿಂದ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು! ಬಾಗಿಲಿನ ಭಾರ ಎಷ್ಟು, ನೀರಿನ ಒತ್ತಡ ಎಷ್ಟು ಎಂಬ ಲೆಕ್ಕ ತಪ್ಪಿದ್ದರೆ ಏನಾಗುತ್ತಿತ್ತು, ಯೋಚಿಸಿ.

ನಮ್ಮ ಜಿಲ್ಲೆಯ ಹಿರಿಯೂರು ಬಳಿಯ ವಾಣಿವಿಲಾಸ ಸಾಗರವನ್ನೂ ಇವರೇ ಕಟ್ಟಿಸಿದರೆಂದು ನಿಮ್ಮಲ್ಲಿ ಕೆಲವರು ಬರೆಯುವುದುಂಟು. ಅದು ತಪ್ಪು. ಅದು 1907ರಲ್ಲೇ ಮುಗಿದಿತ್ತು. ಇವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಆಮೇಲೆ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಶಿಕ್ಷಣಕ್ಕೆ ಹೆಚ್ಚು ಒತ್ತು ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಯಿತು. 1955ರಲ್ಲಿ ಭಾರತರತ್ನ ಗೌರವ ಅವರಿಗೆ ಸಂದಿತು. ನೂರು ವರ್ಷ ತುಂಬಿದ ಮೇಲೆ 1962ರಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ಎಂಜಿನಿಯರುಗಳ ದಿನವಾಗಿ ಆಚರಿಸುತ್ತೇವೆ.

ಈ ಸಲದ ಪರೀಕ್ಷೆಗೆ ನೀವೂ ಹೀಗೆ ಮಾಡಿ. ದಿನಕ್ಕೊಂದು ಲೆಕ್ಕವನ್ನು ತಮ್ಮನಿಗೋ ತಂಗಿಗೋ ಗೆಳೆಯರಿಗೋ ಹೇಳಿಕೊಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಗುರುತು ಹಾಕಿ, ಮರುದಿನ ಶಿಕ್ಷಕರನ್ನು ಕೇಳಿ. ಕೇಳಲು ನಾಚಿಕೆ ಬೇಡ.

ಮಾಡಿ ನೋಡಿ: ನೇರ ಗೋಡೆಗಳ ಒಂದು ಹೊಂಡದ ಉದ್ದ 100 ಮೀಟರ್, ಅಗಲ 50 ಮೀಟರ್. ನೀರಿನ ಮಟ್ಟ 2 ಮೀಟರ್ ಏರಿದರೆ ಎಷ್ಟು ಲೀಟರ್ ನೀರು ಹೆಚ್ಚಾಗುತ್ತದೆ? (1 ಘನ ಮೀಟರ್ = 1,000 ಲೀಟರ್.) ಮೊದಲು ಗೆಳೆಯರಿಗೆ ವಿವರಿಸಿ, ಆಮೇಲೆ ಉತ್ತರ ನೋಡಿ.

ಉತ್ತರ: 1 ಕೋಟಿ ಲೀಟರ್.