ಹಾಯಸ್ಕೂಲನ್ನು ಹಳ್ಳಿಗೆ ತಂದ ದಿನಕರ ದೇಸಾಯಿ

ಠೇವು, ಸಾಲ, ಲಾಭಾಂಶದ ಲೆಕ್ಕವೆಲ್ಲ ಈ ಬೆಳ್ಳಿಹಬ್ಬದ ಸಂಚಿಕೆಯ ಬೇರೆ ಪುಟಗಳಲ್ಲಿದೆ. ನಾವಿಲ್ಲಿ ನೆನೆಯಹೊರಟಿರುವುದು ದಿವಂಗತ ದಿನಕರ ದೇಸಾಯಿಯವರನ್ನು. ನಾಡು ಅವರನ್ನು ಚುಟುಕ ಬ್ರಹ್ಮನೆಂದು ಬಲ್ಲದು. ನಮ್ಮ ಕರಾವಳಿಯ ಹಳ್ಳಿಗರಿಗೆ ಮಾತ್ರ ಅವರ ಚುಟುಕಕ್ಕಿಂತ ಶಾಲೆಯ ಋಣವೇ ದೊಡ್ಡದು.

ದೇಸಾಯಿಯವರು ಅಂಕೋಲೆ ತಾಲೂಕಿನವರು. 1909ರಲ್ಲಿ ಹುಟ್ಟಿದರು. ತಂದೆ ಶಾಲಾ ಮಾಸ್ತರರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬೆಂಗಳೂರು, ಮೈಸೂರು, ಮುಂಬಯಿಗಳಲ್ಲಿ ಓದಿ ಎಂ.ಎ. ಆದರು, ಕಾನೂನೂ ಕಲಿತರು. ಅಷ್ಟು ಓದಿದವನಿಗೆ ಆ ಕಾಲದಲ್ಲಿ ವಕೀಲಿಯೋ ಸರಕಾರಿ ಹುದ್ದೆಯೋ ಕಷ್ಟವಿರಲಿಲ್ಲ. ಅವರು ಹೋಗಿ ಸೇರಿದ್ದು ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು. ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆಗೆ ದುಡಿದರು. 1938ರಲ್ಲಿ ಭಾರತದ ಪ್ರಾಥಮಿಕ ಶಿಕ್ಷಣದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು.

ಆಗಿನ ಸ್ಥಿತಿ ಇಂದಿನ ಹುಡುಗರಿಗೆ ಹೇಳಿದರೆ ಕತೆಯಂತೆ ಕೇಳ್ತದೆ. ಗೇಣಿ ರೈತನ ಮಗ ಊರ ಶಾಲೆಯಲ್ಲಿ ನಾಲ್ಕಕ್ಷರ ಕಲಿತರೆ ಮುಗೀತು. ಮುಂದೆ ಓದ್ಬೇಕಂದ್ರೆ ಪೇಟೆಗೇ ಹೋಗಬೇಕು. ನಡುವೆ ಅಘನಾಶಿನಿ, ಶರಾವತಿ, ಮಳೆಗಾಲದ ದೋಣಿ. ಪೇಟೆಯಲ್ಲಿ ಉಳಿಯಲು ನೆಂಟರ ಮನೆ ಇದ್ದವನು ಓದಿದ. ಇಲ್ಲದವನು ಒಡೆಯರ ಗದ್ದೆಗಿಳಿದ, ಇಲ್ಲವೇ ಮುಂಬಯಿಯ ಹೊಟೇಲಿಗೆ ಲೋಟ ತೊಳೆಯಲು ಹೋದ. ಆ ಮಕ್ಕಳಿಗೆ ಆಸೆ ಇರಲಿಲ್ಲ ಅಂತಲ್ಲ. ಆಸೆಪಡಲಿಕ್ಕೆ ಕಣ್ಣೆದುರು ಏನಾದರೂ ಇರಬೇಕಲ್ಲ!

ದೇಸಾಯಿಯವರು ಮೊದಲು ಹಿಡಿದದ್ದು ಗೇಣಿಯ ಪ್ರಶ್ನೆ. ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರ 1940ರಿಂದ ಐದು ವರ್ಷ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಿತು. ಸ್ವಾತಂತ್ರ್ಯ ಬಂದಮೇಲೆ, 1953ರಲ್ಲಿ, ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. ಈ ಕ್ರಮವೇ ಸರಿ ಎಂದು ನಮಗೆ ಅನಿಸುತ್ತದೆ. ಸುಗ್ಗಿಯ ಭತ್ತವೆಲ್ಲ ಒಡೆಯನ ಕಣಜಕ್ಕೆ ಹೋಗುವ ಮನೆಯಲ್ಲಿ ಪಾಟಿಚೀಲ ಹೊತ್ತವನು ಎಷ್ಟು ದಿನ ನಡೆದಾನು? ಟ್ರಸ್ಟಿನ ಹಾಯಸ್ಕೂಲುಗಳು ತಾಲೂಕು ಪೇಟೆಗೇ ಸೀಮಿತವಾಗಲಿಲ್ಲ. ಕುಮಟೆ ತಾಲೂಕಿನ ಮಿರ್ಜಾನಕ್ಕೆ, ಭಟ್ಕಳ ತಾಲೂಕಿನ ಶಿರಾಲಿಗೆ ಜನತಾ ವಿದ್ಯಾಲಯ ಬಂತು. ಬೆಳಿಗ್ಗೆ ಗಂಜಿ ಉಂಡು ಹೊರಟ ಹುಡುಗ ಸಂಜೆ ಮನೆಗೆ ಬಂದು ಕೊಟ್ಟಿಗೆಯ ಕೆಲಸವನ್ನೂ ಮಾಡಬಹುದಾಯಿತು. ಹೆಣ್ಣುಮಕ್ಕಳ ಮಟ್ಟಿಗಂತೂ ಶಾಲೆ ಹತ್ತಿರವಿದ್ದರೆ ಓದು, ದೂರವಿದ್ದರೆ ಇಲ್ಲ.

ಈ ಕೆಲಸ ಅವರೊಬ್ಬರದೇ ಎಂದು ನಾವು ಹೇಳುತ್ತಿಲ್ಲ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆ 1919ರಲ್ಲೇ ಹುಟ್ಟಿತ್ತು. 1964ರಲ್ಲಿ ಹೊನ್ನಾವರಕ್ಕೆ ಎಸ್.ಡಿ.ಎಂ. ಕಾಲೇಜು ಬಂತು. ದೇಸಾಯಿಯವರ ಕಾಲೇಜು ಅಂಕೋಲೆಯಲ್ಲಿ 1966ರಲ್ಲಿ ಶುರುವಾಯಿತು. ಮರುವರ್ಷವೇ ಅವರು ಪಕ್ಷೇತರರಾಗಿ ನಿಂತು ಲೋಕಸಭೆಗೆ ಆರಿಸಿಬಂದರು. 1974ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿ ಸಿಕ್ಕಿದ್ದನ್ನೂ ಕಣ್ಣಾರೆ ಕಂಡರು.

ಈಗ ಅದೇ ಭೂಮಿಯ ಪಹಣಿ ಹಿಡಿದು ನಮ್ಮ ಸದಸ್ಯರು ಸಂಘದ ಕಟ್ಟೆ ಹತ್ತುತ್ತಾರೆ, ಮಗನ ಇಂಜಿನಿಯರಿಂಗಿಗೆ, ಮಗಳ ನರ್ಸಿಂಗಿಗೆ ಸಾಲ ಕೇಳುತ್ತಾರೆ. ಕಲಿತ ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗ್ತಾರೆ, ಗದ್ದೆ ಹಡಿಲು ಬೀಳ್ತದೆ. ಹಿರಿಯರು ಇದಕ್ಕೆ ಓದನ್ನೇ ಬಯ್ಯುವುದುಂಟು. ನಮಗದು ಒಪ್ಪಿಗೆಯಿಲ್ಲ. ದೇಸಾಯಿಯವರೂ ಊರು ಬಿಟ್ಟು ಓದಿದವರೇ, ಮುಂಬಯಿಯಲ್ಲಿ ದುಡಿದವರೇ. ಆದರೆ ಅಲ್ಲಿದ್ದೂ ಇಲ್ಲಿಯ ಶಾಲೆಗಳ ಚಿಂತೆ ಬಿಡಲಿಲ್ಲ.

1982ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಅಂಕೋಲೆಯ ಕಾಲೇಜಿಗೆ ಅವರು ಇಟ್ಟದ್ದು ಗೋಖಲೆಯವರ ಹೆಸರು. ಮಿರ್ಜಾನ, ಶಿರಾಲಿಯ ಶಾಲೆಗಳ ಬಾಗಿಲ ಮೇಲೆ ಜನತೆಯ ಹೆಸರಿದೆ.